ಆರನೆಯ ಪ್ರಾರ್ಥನೆಗೆ ಮೊಣಕಾಲೂರಿ

ಯೇಸು ಶಿಲುಬೆಗೇರಿದ ಶುಭ ಶುಕ್ರವಾರ (ಗುಡ್ ಫ್ರೈಡೇ) ಮಧ್ಯಾಹ್ನ ನಮ್ಮ ಕಥೋಲಿಕ ದೇವಾಲಯದಲ್ಲಿ ಗಂಟೆ ಬಾರಿಸುವುದಿಲ್ಲ. ಪೀಠದ ಮೇಲೆ ಬಟ್ಟೆಯಿಲ್ಲ, ಮೇಣದಬತ್ತಿಯಿಲ್ಲ. ಸಂತ ಯೊವಾನ್ನರ ಶುಭಸಂದೇಶದಿಂದ ಪ್ರಭುವಿನ ಯಾತನೆಯ ಕಥೆ ಓದುತ್ತಾರೆ. "ಅವನನ್ನು ಶಿಲುಬೆಗೇರಿಸಿ" ಎಂಬ ಗುಂಪಿನ ಮಾತು ಬಂದಾಗ ನಾವೆಲ್ಲ ಒಂದೇ ದನಿಯಲ್ಲಿ ಕೂಗುತ್ತೇವೆ. ಚಿಕ್ಕಂದಿನಲ್ಲಿ ಆ ಕೂಗಿಗೆ ಮೈ ಉರಿಯುತ್ತಿತ್ತು, ಯೇಸುವನ್ನು ಕೊಂದವರೆಂದು ಯೆಹೂದ್ಯರ ಮೇಲೆ ಸಿಟ್ಟು ಬರುತ್ತಿತ್ತು. ಕೂಗುತ್ತಿದ್ದವರು ಅಮ್ಮ, ದೊಡ್ಡಪ್ಪ, ಪಕ್ಕದ ಬೆಂಚಿನವರು, ಜೊತೆಗೆ ನಾನು.

ಆಮೇಲೆ ಹತ್ತು ಪ್ರಾರ್ಥನೆಗಳು. ಆರನೆಯದು ಯೆಹೂದ್ಯರಿಗಾಗಿ. ದೇವರು ಮೊದಲು ಮಾತಾಡಿದ್ದು ಅವರೊಡನೆ. ಆತನ ಹೆಸರಿನ ಮೇಲಿನ ಪ್ರೀತಿಯಲ್ಲಿ, ಆತನ ಒಡಂಬಡಿಕೆಯ ನಿಷ್ಠೆಯಲ್ಲಿ ಅವರು ಬೆಳೆಯಲಿ ಎಂದು ಬೇಡುತ್ತೇವೆ. ಇದು ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1970ರ ಪೂಜಾಗ್ರಂಥದಲ್ಲಿ ಬಂದದ್ದು. ಅದಕ್ಕೂ ಮುಂಚೆ ಶತಮಾನಗಳ ಕಾಲ ಲ್ಯಾಟಿನ್ ಪ್ರಾರ್ಥನೆ ಅವರನ್ನು 'ಪೆರ್ಫಿದಿಸ್' ಎಂದು ಕರೆಯುತ್ತಿತ್ತು. ನಂಬದವರು ಎಂದಷ್ಟೇ ಅದರ ಹಳೆಯ ಅರ್ಥ ಎಂದು ಪಂಡಿತರು ಹೇಳುತ್ತಾರೆ, ಆದರೆ ಜನರ ಕಿವಿಗೆ ಬಿದ್ದದ್ದು ದ್ರೋಹಿಗಳು ಎಂದೇ. ಮಿಕ್ಕ ಪ್ರಾರ್ಥನೆಗಳಿಗೆಲ್ಲ ಮಂಡಿಯೂರುತ್ತಿದ್ದ ಜನ ಇದೊಂದಕ್ಕೆ ನಿಂತೇ ಇರುತ್ತಿದ್ದರು. 1955ರಲ್ಲಿ ಜಗದ್ಗುರು (ಪೋಪ್) ಹನ್ನೆರಡನೇ ಪಯಸ್ ಮಂಡಿಯೂರುವುದನ್ನು ಮರಳಿ ತಂದರು. 'ಪೆರ್ಫಿದಿಸ್' ಪದವನ್ನು 1959ರ ಶುಭ ಶುಕ್ರವಾರ ಮುಂದಿನ ಜಗದ್ಗುರು ಇಪ್ಪತ್ತಮೂರನೇ ಜಾನ್ ತೆಗೆಸಿದರು. ಅಷ್ಟು ಹೊತ್ತಿಗೆ ಯೂರೋಪಿನಲ್ಲಿ ಅರವತ್ತು ಲಕ್ಷ ಯೆಹೂದ್ಯರ ಕೊಲೆ ಆಗಿಹೋಗಿತ್ತು. ಆ ತಡವನ್ನು ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಈ ದಿನಗಳಲ್ಲಿ ನಾನು ಬೈಬಲಿನಲ್ಲಿ ಸಂತ ಪೌಲರು ರೋಮನರಿಗೆ ಬರೆದ ಪತ್ರದ 11ನೇ ಅಧ್ಯಾಯ ಓದುತ್ತೇನೆ. ಅಲ್ಲಿ ಅವರು ಕಸಿಯ ಮಾತಾಡುತ್ತಾರೆ. ನಮ್ಮಪ್ಪ ಮಾವಿಗೆ ಕಸಿ ಕಟ್ಟುತ್ತಿದ್ದುದನ್ನು ಪಕ್ಕದಲ್ಲಿ ಕೂತು ನೋಡಿದವಳು ನಾನು. ವಾಟೆಯಿಂದ ಎದ್ದ ನಾಟಿ ಸಸಿಯ ತಲೆ ಕತ್ತರಿಸಿ, ಕಾಂಡ ಸೀಳಿ, ಒಳ್ಳೆಯ ಮರದ ಕುಡಿಯನ್ನು ಹದವಾಗಿ ಕೆತ್ತಿ ಒಳಗೆ ಕೂರಿಸಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದರು. ಬೇರು ನಾಟಿಯದು, ಕುಡಿ ಒಳ್ಳೆಯ ತಳಿಯದು. ಪೌಲರ ಕಸಿ ಇದಕ್ಕೆ ತಿರುಗುಮುರುಗು: ತೋಟದ ಓಲಿವ್ ಮರಕ್ಕೆ ಕಾಡು ಓಲಿವ್‌ನ ಕುಡಿ. ಇದು ಸ್ವಭಾವಕ್ಕೆ ವಿರುದ್ಧ ಎಂದು ಅವರೇ ಹೇಳುತ್ತಾರೆ. ಆ ಮರ ಇಸ್ರಯೇಲ್, ಅಂದರೆ ಯೆಹೂದ್ಯ ಜನ; ಕಾಡುಕುಡಿ ಯೆಹೂದ್ಯರಲ್ಲದ ನಾವು. ಬೇರನ್ನು ಹೊತ್ತಿರುವುದು ನೀನಲ್ಲ, ಬೇರೇ ನಿನ್ನನ್ನು ಹೊತ್ತಿದೆ ಎನ್ನುತ್ತಾರೆ. ಅಪ್ಪ ಯಾವತ್ತೂ ಮಾಡದಿದ್ದ ಕಸಿಯನ್ನು ದೇವರು ನಮಗಾಗಿ ಮಾಡಿದರು.

ಹಾಗಾದರೆ ಯೇಸುವನ್ನು ಒಪ್ಪದ ಯೆಹೂದ್ಯರಿಗೆ ರಕ್ಷಣೆ ಹೇಗೆ? ದೇವರು ಅವರನ್ನು ಬಿಟ್ಟು ಆ ಜಾಗದಲ್ಲಿ ನಮ್ಮನ್ನು ಕೂರಿಸಿದರು ಎಂದು ಬಹಳ ಕಾಲ ಬೋಧಿಸಿದರು. ಅದನ್ನು ನಾನು ನಂಬಲಾರೆ, ಏಕೆಂದರೆ ದೇವರ ವರಗಳೂ ಕರೆಯೂ ಹಿಂದೆ ಪಡೆಯುವಂಥವಲ್ಲ ಎಂದು ಅದೇ ಅಧ್ಯಾಯ ಹೇಳುತ್ತದೆ. 2015ರ ಡಿಸೆಂಬರಿನಲ್ಲಿ ವ್ಯಾಟಿಕನ್ ಹೊರಡಿಸಿದ ದಸ್ತಾವೇಜಿಗೆ ಆ ವಾಕ್ಯವೇ ಶೀರ್ಷಿಕೆ. ರಕ್ಷಣೆಗೆ ಎರಡು ಬೇರೆಬೇರೆ ದಾರಿಗಳಿಲ್ಲ, ಕ್ರಿಸ್ತರೇ ಎಲ್ಲರ ರಕ್ಷಕ. ಆದರೂ ಯೆಹೂದ್ಯರು ದೇವರ ರಕ್ಷಣೆಯಲ್ಲಿ ಪಾಲುದಾರರು. ಕ್ರಿಸ್ತರನ್ನು ಬಾಯಿಬಿಟ್ಟು ಒಪ್ಪದೆ ಅದು ಹೇಗೆ ಎಂಬುದು ದೇವರ ಆಳವಾದ ರಹಸ್ಯ ಎನ್ನುತ್ತದೆ ಅದು. ಪೌಲರೂ ಮೂರು ಅಧ್ಯಾಯ ಈ ಪ್ರಶ್ನೆಯೊಡನೆ ಹೆಣಗಿ, ಕೊನೆಗೆ ದೇವರ ಜ್ಞಾನದ ಆಳಕ್ಕೆ ಬೆರಗಾಗಿ ಸ್ತುತಿಗೆ ತೊಡಗುತ್ತಾರೆ. ನನಗೂ ಅಲ್ಲಿಯೇ ನಿಲ್ಲುವುದು ಹಿತ.

ಈ ವರ್ಷವೂ ಆರನೆಯ ಪ್ರಾರ್ಥನೆಗೆ ಬರಿನೆಲದ ಮೇಲೆ ಮೊಣಕಾಲೂರಿದೆ. ಪ್ರಾರ್ಥನೆಗಳು ಮುಗಿದ ಮೇಲೆ ಶಿಲುಬೆಗೆ ನಮಿಸಲು ಸಾಲು ಹಿಡಿದೆವು. ಪ್ರಭುವಿನ ಪಾದಕ್ಕೆ ಮುತ್ತಿಟ್ಟು ತಲೆಯೆತ್ತಿದಾಗ ಮೇಲಿನ ಪುಟ್ಟ ಹಲಗೆಯ ನಾಲ್ಕು ಲ್ಯಾಟಿನ್ ಮೊದಲಕ್ಷರ, INRI, ಕಂಡವು. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ರಾಜ್ಯಪಾಲ ಪಿಲಾತ ಬರೆಸಿದ್ದು: ನಜರೇತಿನ ಯೇಸು, ಯೆಹೂದ್ಯರ ಅರಸ.