ಆಮೆನ್ ಅನ್ನಬೇಕಾದವರಿಗೆ ಅರ್ಥವಾಗಬೇಡವೇ?

ಸಿದ್ದಾಪುರ, ಕೊಡಗು
12 ಜನವರಿ 2025, ಭಾನುವಾರ

ತಂಗಿ ಇವತ್ತು ಆರಾಧನೆಗೂ ಬರಲಿಲ್ಲ, ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಮೊನ್ನೆ ಉಪವಾಸ ಕೂಟಕ್ಕೆ ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು, ಅನ್ಯಭಾಷೆ (ಪ್ರಾರ್ಥನೆಯಲ್ಲಿ ಆತ್ಮನ ಪ್ರೇರಣೆಯಿಂದ ಬಾಯಿಗೆ ಬರುತ್ತದೆ ಎನ್ನುವ, ತಾನು ಕಲಿಯದ ಭಾಷೆ) ಆಡದವರು ಪವಿತ್ರಾತ್ಮನನ್ನು ಪಡೆದೇ ಇಲ್ಲ ಎಂದರಂತೆ. ಇವಳ ತಲೆಯ ಮೇಲೆ ಕೈಯಿಟ್ಟು ಮುಕ್ಕಾಲು ಗಂಟೆ ಪ್ರಾರ್ಥಿಸಿದರಂತೆ. ಬಾಯಲ್ಲಿ ಕನ್ನಡ ಬಿಟ್ಟು ಬೇರೇನೂ ಬರಲಿಲ್ಲ. "ಅಕ್ಕಾ, ನನ್ನಲ್ಲೇ ಏನೋ ಪಾಪ ಉಳಿದಿದೆ" ಅಂತ ಅತ್ತಳು. ಕೇಳಿ ಕರುಳು ಕಿವುಚಿದಂತಾಯಿತು.

ಅಮ್ಮನ ಹಳೆಯ ಬೈಬಲ್ ತೆಗೆದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರ, 12ನೇ ಅಧ್ಯಾಯ. ಎಲ್ಲರೂ ವಾಣಿಗಳನ್ನಾಡುತ್ತಾರೋ (ಅನ್ಯಭಾಷೆಯನ್ನೇ ಅಲ್ಲಿ ವಾಣಿ ಅಂದಿದೆ) ಎಂದು ಆ ಪತ್ರ ಬರೆದ ಅಪೊಸ್ತಲ ಪೌಲ ಕೇಳುವ ಸಾಲಿಗೆ ಅಮ್ಮ ಪೆನ್ಸಿಲ್ ಗೆರೆ ಎಳೆದಿದ್ದಾಳೆ. ಇಲ್ಲ ಅನ್ನುವ ಉತ್ತರ ಆ ಪ್ರಶ್ನೆಯೊಳಗೇ ಇದೆ. ವರ ಹಂಚುವವನು ಆತ್ಮನು, ತನ್ನ ಚಿತ್ತದಂತೆ. ಅನ್ಯಭಾಷೆಯೇ ಆತ್ಮನ ದೀಕ್ಷಾಸ್ನಾನದ, ಅಂದರೆ ಪವಿತ್ರಾತ್ಮನಿಂದ ತುಂಬುವುದರ, ಗುರುತು ಎಂಬ ಬೋಧನೆ ಬಲವಾದದ್ದು 20ನೇ ಶತಮಾನದ ಮೊದಲ ವರ್ಷಗಳಲ್ಲಿ, ಅಮೆರಿಕದಲ್ಲಿ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ಶುರುವಾದ ಕೂಟಗಳಿಂದ ಅದು ದೇಶದೇಶಗಳಿಗೆ ಹಬ್ಬಿತು.

ಹಾಗಂತ ಆ ವರವೆಲ್ಲ ಯೇಸು ಕಳಿಸಿದ ಅಪೊಸ್ತಲರ ಕಾಲಕ್ಕೇ ಮುಗಿಯಿತು ಎನ್ನುವವರ ಜೊತೆಗೂ ನಾನಿಲ್ಲ. ವಾಣಿಗಳು ನಿಂತುಹೋಗುವವು ಎಂದು 13ನೇ ಅಧ್ಯಾಯದಲ್ಲಿದೆ, ನಿಜ. ಆದರೆ ಅದೇ ಅಧ್ಯಾಯ ದೇವರನ್ನು ಮುಖಾಮುಖಿಯಾಗಿ ನೋಡುವ ದಿನದ ಮಾತನ್ನೂ ಆಡುತ್ತದೆ; ಅವು ನಿಲ್ಲುವುದು ಅಂದು. ಆ ದಿನ ಇನ್ನೂ ಬಂದಿಲ್ಲ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರು ಮಹಾರಾಷ್ಟ್ರದ ಕೇಡಗಾವ್‌ನಲ್ಲಿ ನಿರ್ಗತಿಕ ಹೆಂಗಸರಿಗಾಗಿ ನಡೆಸುತ್ತಿದ್ದ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ಶುರುವಾದ ಉಜ್ಜೀವನದಲ್ಲಿ, ಅಂದರೆ ಭಕ್ತಿಯ ಹೊಸ ಎಚ್ಚರದಲ್ಲಿ, ಅಲ್ಲಿನ ಹೆಣ್ಣುಮಕ್ಕಳೂ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದರು. ಅವರ ಕಣ್ಣೀರನ್ನು ಸುಳ್ಳು ಎನ್ನಲು ನಾನ್ಯಾರು? ವಾಣಿಗಳನ್ನಾಡುವುದಕ್ಕೆ ಅಡ್ಡಿಮಾಡಬೇಡಿ ಅಂತ ಪೌಲನೇ ಬರೆದಿದ್ದಾನೆ.

14ನೇ ಅಧ್ಯಾಯದಲ್ಲಿ ಅವನು ಹಾಕುವ ಕಟ್ಟು ಬೇರೆ. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೊಬ್ಬರು ಮಾತಾಡಲಿ. ಅರ್ಥ ಹೇಳುವವನು ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಲಿ, ದೇವರೊಂದಿಗೆ ಮಾತಾಡಿಕೊಳ್ಳಲಿ. ಅರ್ಥವಾಗದ ಸ್ತೋತ್ರಕ್ಕೆ ಪಕ್ಕದವನು ಆಮೆನ್ ಅನ್ನುವುದು ಹೇಗೆ ಎಂದೂ ಕೇಳುತ್ತಾನೆ.

ಇದು ಕಣ್ಣಿಗೆ ಕಟ್ಟಿದ್ದು ಇವತ್ತು ಬೆಳಿಗ್ಗೆ. ಕಾಫಿ ಕುಯ್ಲಿಗೆಂದು ಜಾರ್ಖಂಡ್‌ನಿಂದ ಬಂದು ಎಸ್ಟೇಟ್ ಲೈನಿನಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ) ಇರುವ ಹೆಂಗಸೊಬ್ಬಳು ಆರಾಧನೆಗೆ ಬಂದಿದ್ದಳು. ಹಣ್ಣು ಕಿತ್ತು ಕಿತ್ತು ಬೆರಳ ತುದಿಯೆಲ್ಲ ಕಪ್ಪಾಗಿತ್ತು. ಸಭೆಯವರು ಸಾಕ್ಷಿ ಹೇಳುವ, ಪ್ರಾರ್ಥಿಸುವ ಹೊತ್ತಿಗೆ ಎದ್ದು ನಿಂತು ತನ್ನ ಭಾಷೆಯಲ್ಲಿ ಪ್ರಾರ್ಥಿಸತೊಡಗಿದಳು. ನಮಗೆ ಒಂದಕ್ಷರ ತಿಳಿಯಲಿಲ್ಲ. ಲೈನಿನ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ಒಂದೊಂದೇ ಮಾತು ಕನ್ನಡಕ್ಕೆ ತಂದಳು: "ಊರಲ್ಲಿ ಮಗನಿಗೆ ಜ್ವರ ಬಿಟ್ಟಿಲ್ಲ ಅಂತೆ. ನಾನು ದೂರ ಇದ್ದೀನಿ. ನೀನೇ ಅವನ ಹತ್ತಿರ ಕೂತ್ಕೋ ಕರ್ತನೇ ಅಂತಿದಾಳೆ." ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಎರವ ಬುಡಕಟ್ಟಿನ ಅಜ್ಜಿ ಗೋಡೆ ಹಿಡಿದು ಎದ್ದು, ಎಲ್ಲರಿಗಿಂತ ಜೋರಾಗಿ ಆಮೆನ್ ಅಂದರು.

ಇದನ್ನೆಲ್ಲ ತಂಗಿಯ ಪಕ್ಕ ಕೂತು ಹೇಳಿದೆ. 14ನೇ ಅಧ್ಯಾಯವನ್ನು ತಾನೇ ಒಮ್ಮೆ ಓದಿಕೊಂಡಳು. ಆಮೇಲೆ ಮುಖ ತೊಳೆದು ಎರಡು ಅಕ್ಕಿ ರೊಟ್ಟಿ ತಿಂದಳು. "ಆ ಮಗುವಿಗೆ ಈಗ ಹೇಗಿದೆಯಂತೆ, ಕೇಳ್ಕೊಂಡು ಬರ್ತೀನಿ ಅಕ್ಕಾ" ಅಂತ ಟಾರ್ಚ್ ಹಿಡಿದು ಲೈನಿನ ಕಡೆ ಹೋಗಿದ್ದಾಳೆ. ಇನ್ನೂ ಬಂದಿಲ್ಲ.