‘ಲಾಗಿದೆ’ ಮೇಷ್ಟ್ರು

ಕಾಲೇಜಿನಿಂದ ಬಂದ ಪತ್ರದಲ್ಲಿ ಹೀಗಿತ್ತು: “ವಾರ್ಷಿಕ ಸಂಚಿಕೆಗೆ ತಮ್ಮಿಂದ ಲೇಖನವೊಂದನ್ನು ನಿರೀಕ್ಷಿಸಲಾಗಿದೆ.” ಓದಿ ಒಬ್ಬನೇ ನಕ್ಕೆ. ನಿರೀಕ್ಷಿಸಿದ್ದು ಯಾರು? ಸಂಪಾದಕರೋ, ಪ್ರಿನ್ಸಿಪಾಲರೋ? 2003ರಿಂದ 2006ರವರೆಗೆ ನನ್ನ ಜೊತೆ ಇಲ್ಲಿ ಬಿ.ಎ. ಓದಿದವರಿಗೆ ನಾನು ನಕ್ಕಿದ್ದು ಯಾಕೆ ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ.

ನಮ್ಮ ಕನ್ನಡ ಮೇಷ್ಟ್ರಿಗೆ ಹುಡುಗರು ಇಟ್ಟಿದ್ದ ಹೆಸರು ‘ಲಾಗಿದೆ’ ಮೇಷ್ಟ್ರು. ಕೆಂಪು ಪೆನ್ನು ಹಿಡಿದು ನೋಟಿಸ್ ಬೋರ್ಡಿನ ಮುಂದೆ ನಿಂತು ಆಫೀಸಿನವರ ನೋಟಿಸನ್ನೇ ತಿದ್ದುತ್ತಿದ್ದ ಧೈರ್ಯವಂತರು. “ಶುಲ್ಕ ಪಾವತಿಸಲು ಸೂಚಿಸಲಾಗಿದೆ” ಎಂದಿದ್ದರೆ ‘ಲಾಗಿದೆ’ಗೆ ಸುತ್ತು ಹಾಕಿ ಪಕ್ಕದಲ್ಲಿ “ಯಾರು?” ಎಂದು ಬರೆಯೋರು. “ತಪ್ಪು ಮಾಡಿದೋನು ಬಚ್ಚಿಟ್ಟುಕೊಳ್ಳೋಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಕಣ್ರಪ್ಪ” ಅನ್ನೋರು.

ನಮ್ಮದು ಆಲೂರು ಕಡೆ ಹಳ್ಳಿ. ಎರಡನೇ ವರ್ಷದಲ್ಲಿ ನಮ್ಮ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಸೋಮವಾರ ಹಸಿರಾಗಿದ್ದ ಹೊಲ ಶುಕ್ರವಾರದ ಹೊತ್ತಿಗೆ ಬಿಸಿನೀರು ಎರಚಿದ ಹಾಗೆ ಕಪ್ಪಾಗಿ ಮಲಗಿತ್ತು. ಪರಿಹಾರಕ್ಕೆ ಅರ್ಜಿ ಬರೆದುಕೊಡು ಅಂದರು ಅಪ್ಪ. “ರೋಗಬಾಧೆಯಿಂದ ಬೆಳೆಯು ಸಂಪೂರ್ಣವಾಗಿ ನಾಶವಾಗಿರುತ್ತದೆ ಎಂದು ಈ ಮೂಲಕ ವಿನಂತಿಸಿಕೊಳ್ಳಲಾಗಿದೆ” ಅಂತ ಬರೆದು ಮೇಷ್ಟ್ರಿಗೆ ತೋರಿಸಿದೆ. ಅವರು ಎಲ್ಲ ಹೊಡೆದುಹಾಕಿ, “ಎಷ್ಟು ಎಕರೆ? ಎಷ್ಟು ಮೂಟೆ ಬಿತ್ತನೆ ಹಾಕಿದ್ರಿ? ಕಿತ್ತಾಗ ಎಷ್ಟು ಸಿಕ್ತು? ಅಷ್ಟು ಬರಿ, ಸಾಕು” ಅಂದರು. ಎರಡು ಎಕರೆ, ಇಪ್ಪತ್ತೈದು ಮೂಟೆ ಬಿತ್ತನೆ, ಕಿತ್ತಾಗ ನಲವತ್ತು ಮೂಟೆ. ಪರಿಹಾರವೇನೂ ಬರಲಿಲ್ಲ, ಆ ಮಾತು ಬೇರೆ. ಆದರೆ ಆ ಮೂರು ಸಾಲಿನ ಅರ್ಜಿಯಷ್ಟು ಚೆನ್ನಾಗಿ ನಾನು ಮತ್ತೆ ಬರೆದದ್ದು ಕಡಿಮೆ.

ಇನ್ನೊಂದು ನೆನಪು ಎನ್‌ಸಿಸಿಯದು. ಹಾಸನಾಂಬೆಯ ಬಾಗಿಲು ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಗುರುವಾರ ತೆಗೆದರೆ ಬಲಿಪಾಡ್ಯಮಿ ಮುಗಿದ ಮೇಲೆ ಮತ್ತೆ ಒಂದು ವರ್ಷ ಮುಚ್ಚಿರುತ್ತದಲ್ಲ, ಆ ದಿನಗಳಲ್ಲಿ ಕೆಡೆಟ್‌ಗಳಿಗೆ ಸಾಲು ನೋಡಿಕೊಳ್ಳುವ ಕೆಲಸ. ಒಂದು ಸಂಜೆ ಸಾಲಿನಲ್ಲಿ “ಬಾಗಿಲು ಹಾಕ್ತಾರಂತೆ” ಅಂತ ಯಾರೋ ಗುಲ್ಲೆಬ್ಬಿಸಿದರು. ನೂಕಾಟ ಶುರುವಾಯಿತು. ಒಳಗೆ ಓಡಿ ಕೇಳಿಕೊಂಡು ಬಂದು, ಕಟ್ಟೆ ಹತ್ತಿ, “ಹಾಕಲ್ಲ, ಆದ್ರೆ ಇಲ್ಲಿಂದ ಇನ್ನೂ ಎರಡೂವರೆ ಗಂಟೆ ಆಗುತ್ತೆ” ಅಂತ ಕೂಗಿದೆ. ಬೈತಾರೆ ಅಂದುಕೊಂಡಿದ್ದೆ. ಒಬ್ಬಜ್ಜಿ “ಹಂಗಂತ ಮೊದ್ಲೇ ಹೇಳಬಾರ್ದೇನಪ್ಪ” ಅಂತ ಅಲ್ಲೇ ಕೂತು ಎಲೆ ಅಡಿಕೆ ಚೀಲ ಬಿಚ್ಚಿದರು. ಅವರ ಹಿಂದಿನವರೂ ಕೂತರು.

ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಇದ್ದದ್ದರಿಂದ ಸೇನೆಗೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ, ಅಧಿಕಾರಿಗಳನ್ನು ಆರಿಸುವ ಬೆಂಗಳೂರಿನ ಎಸ್‌ಎಸ್‌ಬಿಗೆ ಕರೆದರು. ಅಲ್ಲಿ ಮಸುಕು ಚಿತ್ರವೊಂದನ್ನು ಮೂವತ್ತು ಸೆಕೆಂಡು ತೋರಿಸಿ, ನಾಲ್ಕು ನಿಮಿಷದಲ್ಲಿ ಕತೆ ಬರೆಯಿರಿ ಅನ್ನುತ್ತಾರೆ. ಇಂಗ್ಲಿಷ್ ಮೀಡಿಯಂ ಹುಡುಗರು ಪೀಠಿಕೆಯಲ್ಲೇ ಎರಡು ನಿಮಿಷ ಕಳೆಯುತ್ತಿದ್ದರು. ನನ್ನ ಇಂಗ್ಲಿಷಿಗೆ ಪೀಠಿಕೆ ಹಾಕುವ ಶಕ್ತಿಯೇ ಇರಲಿಲ್ಲ. ಯಾರು, ಏನು ಮಾಡಿದ, ಏನಾಯಿತು, ಇಷ್ಟೇ ಬರೆದೆ. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಒಟಿಎಯಲ್ಲಿ ತರಬೇತಿ ಮುಗಿಸಿ 2007ರಲ್ಲಿ ಸಿಗ್ನಲ್ಸ್ ಸೇರಿದೆ. ಸೇನೆಯ ಸಂಪರ್ಕ ವ್ಯವಸ್ಥೆಯೆಲ್ಲ ನೋಡಿಕೊಳ್ಳುವ ವಿಭಾಗ ಅದು. ಧ್ಯೇಯವಾಕ್ಯ ‘ತೀವ್ರ ಚೌಕಸ್’: ವೇಗವಾಗಿಯೂ ಇರಬೇಕು, ಎಚ್ಚರವಾಗಿಯೂ ಇರಬೇಕು.

ಸೇನೆಯ ಹತ್ತು ವರ್ಷದ ಕತೆ ಇಲ್ಲಿ ಬೇಡ, ಹೇಳುವಂತಿಲ್ಲದ್ದೇ ಹೆಚ್ಚು. ಎರಡು ಸಂಗತಿ ಮಾತ್ರ. ರೇಡಿಯೋದಲ್ಲಿ ‘ಓವರ್’ ಅಂದರೆ ‘ನನ್ನದಾಯಿತು, ಈಗ ನೀನು ಮಾತಾಡು’ ಅಂತ. ‘ಔಟ್’ ಅಂದರೆ ಮಾತೇ ಮುಗಿಯಿತು ಅಂತ. ‘ಓವರ್ ಅಂಡ್ ಔಟ್’ ಅನ್ನುವುದು ಸಿನಿಮಾದವರು ಮಾತ್ರ. ಎರಡನೆಯದು, ಜಲಂಧರಕ್ಕೆ ಪೋಸ್ಟಿಂಗ್ ಆದಾಗ ರಸ್ತೆಯುದ್ದಕ್ಕೂ ಕೋಲ್ಡ್ ಸ್ಟೋರೇಜುಗಳು, ಲಾರಿಗಳಿಗೆ ಆಲೂಗಡ್ಡೆ ಮೂಟೆ ತುಂಬುತ್ತಿದ್ದರು. ಹಾಸನದ ಎಪಿಎಂಸಿಯಲ್ಲಿ ಅಪ್ಪ ಸಾಲ ಮಾಡಿ ಕೊಳ್ಳುತ್ತಿದ್ದ ಬಿತ್ತನೆ ಗಡ್ಡೆ ಹೊರಡುವುದು ಇಲ್ಲಿಂದಲೇ. ಜೀಪು ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಡ್ರೈವರ್‌ಗೆ ಯಾಕೆ ಅಂತ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಶಾರ್ಟ್ ಸರ್ವಿಸ್ ಕಮಿಷನ್ನಿನಲ್ಲಿ, ಅಂದರೆ ಸೀಮಿತ ಅವಧಿಯ ಅಧಿಕಾರಿ ಹುದ್ದೆಯಲ್ಲಿ, ಹತ್ತು ವರ್ಷಕ್ಕೆ ಹೊರಬಂದರೆ ಪಿಂಚಣಿ ಇಲ್ಲ. 2017ರಲ್ಲಿ ಮೇಜರ್ ಆಗಿ ಊರಿಗೆ ಬಂದಾಗ ಇದನ್ನು ಅಮ್ಮನಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. “ಪಕ್ಕದ್ಮನೆ ಹವಾಲ್ದಾರಂಗೆ ಬರುತ್ತೆ, ಅವನಿಗಿಂತ ದೊಡ್ಡೋನಾದ ನಿನಗೆ ಬರಲ್ವಾ?” ಅವಳ ಪ್ರಶ್ನೆ ಸರಿಯಾಗಿಯೇ ಇತ್ತು.

ಬಿಡುಗಡೆಯಾಗುವ ಅಧಿಕಾರಿಗಳಿಗೆ ಪುನರ್ವಸತಿ ಮಹಾನಿರ್ದೇಶನಾಲಯ ಏರ್ಪಡಿಸುವ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸನ್ನೂ ಮಾಡಿದ್ದೆ. ಆದರೂ ಹೋದ ಕಂಪನಿಯಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ: “ಸೆಕ್ಯೂರಿಟಿ ಹೆಡ್ ಆಗ್ತೀರಾ ಸರ್?” ಫೌಜಿ ಅಂದರೆ ಗೇಟು, ವಿಸಲ್ಲು. ಬರೆಯುವ ಕೆಲಸ ಕೊಡಿ ಅಂದರೆ ತಮಾಷೆ ಅಂದುಕೊಳ್ಳೋರು. ಕೊನೆಗೆ ಬೆಂಗಳೂರಿನ ಕಂಪನಿಗಳ ಸುದ್ದಿ ಪತ್ರಿಕೆಗಳಿಗೆ ಮುಟ್ಟಿಸುವ ಪುಟ್ಟ ಪಿಆರ್ ಏಜೆನ್ಸಿಯೊಂದರಲ್ಲಿ ಅರ್ಧ ಸಂಬಳಕ್ಕೆ ಸೇರಿದೆ. ಬಾಸ್ ನನಗಿಂತ ಎಂಟು ವರ್ಷ ಚಿಕ್ಕವಳು. ನಾನು “ಮೇಡಂ” ಅಂದಾಗಲೆಲ್ಲ ಅವಳಿಗೆ ಮುಜುಗರ, ಹೆಸರು ಹಿಡಿದು ಕರೆಯೋಕೆ ನನಗೆ ಆಗದು. ಬೆಳಿಗ್ಗೆ ಆರಕ್ಕೆ ಹನ್ನೆರಡು ಪತ್ರಿಕೆ ಓದಿ, ಗಿರಾಕಿಗಳ ಸುದ್ದಿ ಎಲ್ಲೆಲ್ಲಿ ಬಂದಿದೆ ಅಂತ ಏಳೂವರೆಯೊಳಗೆ ಕಳಿಸಬೇಕು. ಇಡೀ ಆಫೀಸಿನಲ್ಲಿ ಆ ಹೊತ್ತಿಗೆ ನಿದ್ದೆ ತಿಳಿದಿದ್ದವನು ನಾನೊಬ್ಬನೇ, ಹಾಗಾಗಿ ಆ ಕೆಲಸ ಖಾಯಂ ಆಯಿತು.

ನನ್ನ ಮೊದಲ ಪತ್ರಿಕಾ ಪ್ರಕಟಣೆ ಮೂರು ಪುಟವಿತ್ತು. ಪ್ಯಾರಾಗೆಲ್ಲ ನಂಬರು, ನಂಬರಿನ ಕೆಳಗೆ ಎ, ಬಿ, ಸಿ. ಕನ್ನಡ ಪತ್ರಿಕೆಯ ವರದಿಗಾರರೊಬ್ಬರು ಫೋನ್ ಮಾಡಿ, “ಇದು ಪ್ರೆಸ್ ನೋಟಾ ಸಾರ್, ಚಾರ್ಜ್‌ಶೀಟಾ?” ಅಂದರು. ಅದನ್ನು ತಿದ್ದಿಕೊಳ್ಳಲು ತಿಂಗಳು ಸಾಕಾಯಿತು. ತಿದ್ದಿಕೊಳ್ಳಲು ವರ್ಷಗಳೇ ಹಿಡಿದದ್ದು ಬಾಯಿ ಬಿಡದ ಅಭ್ಯಾಸ. ಯಾರಿಗೆ ಎಷ್ಟು ಬೇಕೋ ಅಷ್ಟೇ ಹೇಳು ಅನ್ನುವುದು ಸೇನೆಯ ಪಾಠ. ವರದಿಗಾರರ ಫೋನ್ ಬಂದರೆ ಎತ್ತದೆ ಕೂರುತ್ತಿದ್ದೆ. ಮರುದಿನ ಪತ್ರಿಕೆಯಲ್ಲಿ “ಕಂಪನಿ ಪ್ರತಿಕ್ರಿಯೆಗೆ ಸಿಗಲಿಲ್ಲ” ಅಂತ ಬಂದಾಗ, ಸುಮ್ಮನಿದ್ದದ್ದನ್ನೂ ಜನ ಓದುತ್ತಾರೆ ಅಂತ ಗೊತ್ತಾಯಿತು.

ಆಮೇಲೆ ಒಂದು ಕಂಪನಿಯ ಸಂವಹನ ವಿಭಾಗಕ್ಕೆ ಹೋದೆ. ಹೆಸರು ಬೇಡ. ಅಲ್ಲೊಂದು ರಾತ್ರಿ ಪಾಳಿಯಲ್ಲಿ ಕನ್ವೇಯರ್‌ಗೆ ಸಿಕ್ಕಿ ಗುತ್ತಿಗೆ ಹುಡುಗನೊಬ್ಬ ತೀರಿಕೊಂಡ. ಇಂಥ ಹೊತ್ತಿನಲ್ಲಿ ತಿಳಿಸಬೇಕಾದವರ ಪಟ್ಟಿ ದೊಡ್ಡದು: ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಇನ್ಸ್‌ಪೆಕ್ಟರು, ಪೊಲೀಸರು, ಕೇಳಿದರೆ ಪತ್ರಿಕೆಗಳು. ಸೇನೆಯಲ್ಲಿ ಸೈನಿಕ ಸತ್ತರೆ ಮನೆಯವರಿಗೆ ತಿಳಿಯುವ ಮುನ್ನ ಹೆಸರು ಹೊರಗೆ ಬಿಡುವುದಿಲ್ಲ. ಮನೆಯವರಿಗೆ ಮೊದಲು ತಿಳಿಸಬೇಕು ಅಂತ ಹಟ ಹಿಡಿದೆ. ಅದನ್ನು ಒಪ್ಪಿದರು. ನೋಟಿಸ್ ಮಾತ್ರ ವಕೀಲರು ಹೇಳಿದಂತೆ ಬರೆದೆ: “ಅಹಿತಕರ ಘಟನೆಯೊಂದು ಸಂಭವಿಸಿದ್ದು, ತನಿಖೆಗೆ ಆದೇಶಿಸಲಾಗಿದೆ. ವಿಷಾದ ವ್ಯಕ್ತಪಡಿಸಲಾಗಿದೆ.”

ಬೆಳಿಗ್ಗೆ ಕ್ಯಾಂಟೀನ್ ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಂತಿದ್ದೆ. ತಟ್ಟೆ ಹಿಡಿದು ಬಂದ ಹಿರಿಯ ಫಿಟ್ಟರ್ ಒಬ್ಬರು ಎರಡು ಸಲ ಓದಿದರು. “ಇದು ನಮಗೆ ಬರ್ದಿದ್ದಾ ಸಾರ್, ಪೇಪರ್‌ನೋರಿಗಾ? ಹುಡುಗನ ಹೆಸ್ರೇ ಇಲ್ಲ.”

ಗೋಡೆ ನೋಡಿದೆ. ಎರಡು ವಾಕ್ಯ, ಎರಡು ‘ಲಾಗಿದೆ’. ಕೆಂಪು ಪೆನ್ನೊಂದೇ ಕಡಿಮೆ.

ಕಿತ್ತುಹಾಕಿ ಅಲ್ಲೇ ಕ್ಯಾಂಟೀನಿನ ಟೇಬಲ್ಲಿನ ಮೇಲೆ ಕೈಬರಹದಲ್ಲಿ ಬರೆದೆ. ಹುಡುಗನ ಹೆಸರು, ಊರು, ಎಷ್ಟು ವರ್ಷದಿಂದ ಇದ್ದ, ರಾತ್ರಿ ಎಷ್ಟು ಗಂಟೆಗೆ ಏನಾಯಿತು, ಲೈನ್ ಯಾವಾಗ ನಿಲ್ಲಿಸಿದೆವು, ತನಿಖೆ ಯಾರು ಮಾಡುತ್ತಾರೆ, ಊರಿಗೆ ಹೋಗುವವರಿಗೆ ಬಸ್ಸು ಎಷ್ಟು ಹೊತ್ತಿಗೆ. ಮ್ಯಾನೇಜರ್ ಸಹಿ ಹಾಕಿದರು. ವಕೀಲರು ಫೋನಿನಲ್ಲಿ ಅರ್ಧ ಗಂಟೆ ಕೂಗಾಡಿ ಎರಡು ಸಾಲು ತೆಗೆಸಿದರು, ಕೊನೆಯ ವಾಕ್ಯ ಮಾತ್ರ ತಮ್ಮದೇ ಇರಲಿ ಅಂದರು. ಇದ್ದುಕೊಂಡಿತು.

ಕಳೆದ ವರ್ಷ ಹಾಸನಕ್ಕೆ ಬಂದಾಗ ಮೇಷ್ಟ್ರು ಮಹಾರಾಜ ಪಾರ್ಕಿನಲ್ಲಿ ಸಿಕ್ಕರು. ಸಂಜೆ ವಾಕಿಂಗ್ ಈಗ ಬೆಂಚಿನವರೆಗೆ ಮಾತ್ರವಂತೆ. ಆ ನೋಟಿಸಿನ ಫೋಟೋ ಇನ್ನೂ ಫೋನಿನಲ್ಲಿತ್ತು, ತೋರಿಸಿದೆ. ಅಕ್ಷರ ದೊಡ್ಡದು ಮಾಡಿಕೊಂಡು ನಿಧಾನವಾಗಿ ಓದಿದರು. ಕೊನೆಯ ‘ಲಾಗಿದೆ’ ಹತ್ತಿರ ಬೆರಳು ಬಂದಾಗ ನಾನು ವಕೀಲರ ಕತೆ ಹೇಳಲು ಬಾಯಿ ತೆರೆದೆ. ಬೆರಳು ಅಲ್ಲಿಂದ ಒಂದು ಪದ ಹಿಂದಕ್ಕೆ ಸರಿಯಿತು.

“ಅವಸರದಲ್ಲಿ ‘ವಿಶಾದ’ ಅಂತ ಬರ್ದಿದೀಯ. ವಿಷಾದ ಕಣಪ್ಪ, ‘ಷ’.”

ಆ ನೋಟಿಸನ್ನು ಕಾರ್ಖಾನೆಯವರೆಲ್ಲ ಓದಿದ್ದರು. ಯಾರೂ ಹೇಳಿರಲಿಲ್ಲ.