ಶಿವರಾತ್ರಿ ಕಳೆದ ಮೇಲೂ ಕಕ್ಕಬ್ಬೆಯಲ್ಲಿ ಚಳಿ: ಬ್ಯಾಗಿಗೆ ಯಾವ ಬಟ್ಟೆ ಹಾಕಿಕೊಳ್ಳಬೇಕು?

"ಮಾವ, ಶಿವರಾತ್ರಿ ಆಯ್ತಲ್ಲ, ಇನ್ನೆಲ್ಲಿ ಚಳಿ?" ಎಂದ ಅಕ್ಕನ ಮಗ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತೆ ಅನ್ನುವುದನ್ನು ಅವನಿಗೆ ಹೇಳಿಕೊಟ್ಟಿದ್ದು ಅವನ ಅಜ್ಜಿ. ಬಯಲುಸೀಮೆಗೆ ಆ ಮಾತು ಸರಿ. ನಮ್ಮ ತುಮಕೂರಿನಲ್ಲಿ ಆ ಹೊತ್ತಿಗೆ ಫ್ಯಾನ್ ಹಾಕಿಕೊಂಡು ಮಲಗುತ್ತೇವೆ. ಆದರೆ ಕೊಡಗಿನ ಕಕ್ಕಬ್ಬೆಯಲ್ಲಿ, ಅಮಾವಾಸ್ಯೆ ಕಳೆದ ಮೂರನೇ ರಾತ್ರಿ, ಬೆಳಗಿನ ಜಾವ ಮೂರೂವರೆಗೆ ಅವನ ಹಲ್ಲು ಕಟಕಟ ಅನ್ನುವುದು ಪಕ್ಕದ ಟೆಂಟಿನಲ್ಲಿದ್ದ ನನಗೂ ಕೇಳಿಸುತ್ತಿತ್ತು.

ನಮ್ಮ ಪ್ಲಾನ್ ಸರಳವಾಗಿತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಮಡಿಕೇರಿ, ಅಲ್ಲಿಂದ ನಾಪೋಕ್ಲು ಮೇಲೆ ಹೋಗುವ ಬಸ್ ಹಿಡಿದು ಕಕ್ಕಬ್ಬೆ. ಒಂದು ಹೋಂಸ್ಟೇಯವರ ಕಾಫಿ ತೋಟದಲ್ಲಿ ಎರಡು ರಾತ್ರಿ, ನಮ್ಮದೇ ಟೆಂಟು. ಮಧ್ಯದ ದಿನ ತಡಿಯಂಡಮೋಳ್. ಕೊಡಗಿನ ಅತಿ ಎತ್ತರದ ಬೆಟ್ಟ ಅದು, 1748 ಮೀಟರ್. ಬೆಟ್ಟದ ಮೇಲೆ ಟೆಂಟ್ ಹಾಕಲು ಅರಣ್ಯ ಇಲಾಖೆಯವರು ಬಿಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಬಿಸಿಲು ಏರಿದ ಮೇಲೆ ಕಾಡಿಗೆ ಬೆಂಕಿ ಬೀಳುವ ಭಯದಿಂದ ಚಾರಣವನ್ನೇ ನಿಲ್ಲಿಸುವುದೂ ಉಂಟು. ಬಸ್ ಟಿಕೆಟ್ ಮಾಡುವ ಮೊದಲೇ ವಿಚಾರಿಸಿಕೊಳ್ಳಿ.

ಆ ರಾತ್ರಿಯ ತಪ್ಪು ನನ್ನದೂ ಹೌದು. ಟೆಂಟ್ ಹಾಕಲು ಮನೆಯ ಆಂಟಿ ಎರಡು ಜಾಗ ತೋರಿಸಿದ್ದರು. ಒಂದು ಮನೆಯ ಹಿಂದೆ, ದಿಣ್ಣೆಯ ಮೇಲೆ, ಮರಗಳ ಕೆಳಗೆ. ಇನ್ನೊಂದು ಕೆಳಗಿನ ಗದ್ದೆಯ ಅಂಚಿನಲ್ಲಿ. "ಗದ್ದೆ ಹತ್ರ ಚಳಿ ಜಾಸ್ತಿ, ನೋಡಿ" ಅಂತ ಅವರು ಹೇಳಿಯೂ ಹೇಳಿದರು. ಫೋಟೊ ಚೆನ್ನಾಗಿ ಬರುತ್ತದೆ ಅಂತ ನಾವು ಗದ್ದೆಗೇ ಹೋದೆವು. ರಾತ್ರಿ ತಣ್ಣಗಾದ ಗಾಳಿಗೆ ಭಾರ ಜಾಸ್ತಿ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಮೇಲೆ ಮೋಡವೂ ಇಲ್ಲ, ಮರವೂ ಇಲ್ಲ ಅಂದರೆ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ಹಗಲು 29 ಡಿಗ್ರಿ ತೋರಿಸಿದ್ದ ನನ್ನ ಪುಟ್ಟ ಥರ್ಮಾಮೀಟರ್ ಬೆಳಗಿನ ಜಾವ 13ಕ್ಕೆ ಇಳಿದಿತ್ತು. ಟೆಂಟಿನ ಹೊರಗೆ ಇಬ್ಬನಿ, ಒಳಗೆ ನಮ್ಮದೇ ಉಸಿರಿನ ನೀರು. ಮರುದಿನ ಸುಮ್ನೆ ದಿಣ್ಣೆಗೆ ಹೋದೆವು. ಅಲ್ಲಿ 16. ಆ ರಾತ್ರಿ ಮೋಡವೂ ಇತ್ತು, ಹಾಗಾಗಿ ಎಲ್ಲ ಮರದ ಪುಣ್ಯ ಅನ್ನಲಾರೆ.

13 ಡಿಗ್ರಿ ಅಂದರೆ ಹಿಮಾಲಯಕ್ಕೆ ಹೋಗಿ ಬಂದವರು ನಗಬಹುದು. ಆದರೆ ಅವನು ನಡುಗಿದ್ದು ಚಳಿಗಿಂತ ಹೆಚ್ಚಾಗಿ ಒದ್ದೆಗೆ. ಬಸ್ ಇಳಿದು ಹೋಂಸ್ಟೇವರೆಗೆ ಮೂರು ಕಿಲೋಮೀಟರ್ ಏರು, ಬೆನ್ನ ಮೇಲೆ ಒಂಬತ್ತು ಕೆಜಿ. ಬೆವರಿನಲ್ಲಿ ಮಿಂದ ಹತ್ತಿ ಟೀ ಶರ್ಟ್, ಅದರ ಮೇಲೆ ಟೋಪಿ ಇರುವ ದಪ್ಪ ಹೂಡಿ, ಕಾಲಿಗೆ ಜೀನ್ಸ್. ಅದನ್ನೇ ಹಾಕಿಕೊಂಡು ಮಲಗಿದ್ದಾನೆ. ಹತ್ತಿ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಅದು ಒಣಗುವಾಗ ಬೇಕಾದ ಬಿಸಿ ಬರುವುದು ನಿಮ್ಮ ಮೈಯಿಂದಲೇ. ಮಣ್ಣಿನ ಹೂಜಿ ತಣ್ಣಗಾಗುವುದೂ ಹೀಗೆಯೇ ಅಲ್ವಾ? ಇಲ್ಲಿ ಹೂಜಿ ನೀವು.

ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು ರಾತ್ರಿಗೆಂದೇ ಎತ್ತಿಡುವ ಒಂದು ಜೊತೆ ಬಟ್ಟೆಯ ಬಗ್ಗೆ. ಒಂದು ಉದ್ದ ತೋಳಿನ ಬನಿಯನ್ ಅಥವಾ ತೆಳು ಥರ್ಮಲ್, ಒಂದು ಸಡಿಲ ಪ್ಯಾಂಟು, ಒಂದು ಜೊತೆ ದಪ್ಪ ಕಾಲುಚೀಲ, ಒಂದು ಮಂಕಿ ಕ್ಯಾಪ್. ಇಷ್ಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿನ ತಳಕ್ಕೆ ಹಾಕಿ. ಹಗಲು ಏನೇ ಆದರೂ ಅದನ್ನು ಮುಟ್ಟಬಾರದು. ಅಂಗಿ ಒದ್ದೆಯಾಯಿತು ಅಂತಲೂ ಮುಟ್ಟಬಾರದು, ಊಟಕ್ಕೆ ಹೋಗುವಾಗ ಚಂದ ಕಾಣಬೇಕು ಅಂತಲೂ ಮುಟ್ಟಬಾರದು. ಮಲಗುವ ಮುಂಚೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ಟವೆಲ್ಲಿನಲ್ಲಿ ಚೆನ್ನಾಗಿ ಒಣಗಿಸಿಕೊಂಡು ಇದನ್ನು ಹಾಕಿಕೊಳ್ಳಿ. ಒಣ ಬನಿಯನ್ನಿನಲ್ಲಿ ಬರುವ ನಿದ್ದೆ ಒದ್ದೆ ಜಾಕೆಟ್ಟಿನಲ್ಲಿ ಬರುವುದಿಲ್ಲ. ಮಂಕಿ ಕ್ಯಾಪ್ ನೋಡಿ ಅಳಿಯ ಮೊದಲು ನಕ್ಕಿದ್ದ. ಆ ರಾತ್ರಿ ನಾಲ್ಕು ಗಂಟೆಗೆ ಅವನೇ ಕೇಳಿ ಈಸಿಕೊಂಡ.

ಮಲಗುವ ಚೀಲದ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೆಳಗೆ ಹಾಸುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಕೊಡಗಿನ ಈ ಕಾಲಕ್ಕೆ 10 ಡಿಗ್ರಿವರೆಗೆ ತಡೆಯುವ ಸಾಧಾರಣ ಚೀಲ ಸಾಕು. ಆದರೆ ಅಡಿಯಲ್ಲಿ ಫೋಮ್ ಮ್ಯಾಟ್ ಇಲ್ಲದಿದ್ದರೆ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೈಭಾರಕ್ಕೆ ಚೀಲದ ಕೆಳಭಾಗ ಅಪ್ಪಚ್ಚಿಯಾಗಿ ಕೆಲಸಕ್ಕೆ ಬಾರದಂತಾಗಿರುತ್ತದೆ.

ಈಗ ಹಗಲಿನ ಕಥೆ. ಬೆಳಗ್ಗೆ ಆರೂವರೆಗೆ ನಾಲ್ಕುನಾಡು ಅರಮನೆಯ ಹತ್ತಿರ ನಿಂತಾಗ ಬಾಯಲ್ಲಿ ಹೊಗೆ ಬರುವಷ್ಟು ಚಳಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ಅರಮನೆ ಅದು, ಇಳಿಯುವಾಗ ಬಿಡುವು ಮಾಡಿಕೊಂಡು ನೋಡಿ. ಅಲ್ಲಿಂದ ಹೊರಟವರೆಲ್ಲ ಸ್ವೆಟರ್ ಹಾಕಿಕೊಂಡೇ ಹೊರಟರು. ಹದಿನೈದು ನಿಮಿಷಕ್ಕೆ ಎಲ್ಲರ ಸ್ವೆಟರ್ ಸೊಂಟಕ್ಕೆ ಬಂತು, ಒಳಗಿನ ಅಂಗಿ ಆಗಲೇ ತೊಯ್ದಿತ್ತು. ನಡೆಯಲು ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗಿದೆ ಅನ್ನಿಸಿದರೆ ಒಂದು ಬಟ್ಟೆ ಹೆಚ್ಚಾಗಿದೆ ಅಂತಲೇ ಅರ್ಥ.

ಮೈಗೆ ಅಂಟಿಕೊಳ್ಳುವ ಮೊದಲ ಪದರಕ್ಕೆ ಪಾಲಿಯೆಸ್ಟರ್ ಜೆರ್ಸಿ ಸಾಕು. ಮಕ್ಕಳು ಫುಟ್‌ಬಾಲ್ ಆಡಲು ಹಾಕುತ್ತಾರಲ್ಲ, ಅಂಥದ್ದೇ. ದುಬಾರಿ ಮೆರಿನೊ ಉಣ್ಣೆಯ ಬನಿಯನ್ ಇದ್ದರೆ ಒಳ್ಳೆಯದು, ಎರಡು ದಿನ ಹಾಕಿದರೂ ನಾತ ಕಡಿಮೆ, ಸ್ವಲ್ಪ ಒದ್ದೆಯಾದರೂ ಬಿಸಿ ಇಟ್ಟುಕೊಳ್ಳುತ್ತದೆ. ಆದರೆ ಈ ಒಂದು ಪ್ರವಾಸಕ್ಕಾಗಿ ಕೊಳ್ಳುವ ಅಗತ್ಯವಿಲ್ಲ. ತೋಳು ಮಾತ್ರ ಉದ್ದ ಇರಲಿ. ಬೆಟ್ಟದ ಮಡಿಲಿನ ದಟ್ಟ ಶೋಲಾ ಕಾಡು ದಾಟಿ ಹುಲ್ಲುಗಾವಲಿಗೆ ಬಂದಾಗ ಬಿಸಿಲು ನೇರ ಹೊಡೆಯುತ್ತದೆ, ಹುಲ್ಲಿನಲ್ಲಿ ಉಣ್ಣೆಯೂ ಹತ್ತುತ್ತದೆ. ಕುರಿಯ ಉಣ್ಣೆ ಅಲ್ಲ, ರಕ್ತ ಹೀರುವ ಉಣ್ಣೆ.

ಎರಡನೆಯದು ತೆಳು ಫ್ಲೀಸ್, ಅಂದರೆ ಸಿಂಥೆಟಿಕ್ ನೂಲಿನ ಮೆತ್ತನೆಯ ಸ್ವೆಟರ್. ಮೂರನೆಯದು ಗಾಳಿ, ಮಳೆ ಎರಡನ್ನೂ ತಡೆಯುವ ಹಗುರ ಜಾಕೆಟ್. ಇವೆರಡೂ ಬ್ಯಾಗಿನ ಬಾಯಲ್ಲೇ ಇರಬೇಕು. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಮಡಿಕೇರಿಗಿಂತ ತಡಿಯಂಡಮೋಳ್ ತುದಿ ಸುಮಾರು 600 ಮೀಟರ್ ಮೇಲಿದೆ, ಅಂದರೆ ನಾಲ್ಕು ಡಿಗ್ರಿ ತಂಪು. ಅದು ದೊಡ್ಡ ವಿಷಯವಲ್ಲ, ತುದಿಯ ಗಾಳಿ ದೊಡ್ಡ ವಿಷಯ. ಕೊನೆಯ ಕಡಿದಾದ ಏರು ಹತ್ತಿ ಬೆವರುತ್ತಾ ನಿಂತವರಿಗೆ ಆ ಗಾಳಿ ಮೊದಲು ಹಾಯೆನಿಸುತ್ತದೆ. ಐದೇ ನಿಮಿಷ, ಆಮೇಲೆ ನಡುಕ. ಹಾಯೆನಿಸುವಾಗಲೇ ಜಾಕೆಟ್ ಹಾಕಿಕೊಳ್ಳಿ. ಒಂದೇ ದಪ್ಪ ಜಾಕೆಟ್ ತಂದವರ ಕಷ್ಟ ಅಲ್ಲಿ ನೋಡಬೇಕು. ಹಾಕಿದರೆ ಸೆಕೆ, ತೆಗೆದರೆ ಚಳಿ.

ಇಳಿಯುವಾಗ ಮಧ್ಯಾಹ್ನ ಗುಡುಗು ಶುರುವಾಯಿತು. ಅರ್ಧ ಗಂಟೆ ಬಿಡದೆ ಮಳೆ. ನಾವು ನೆಂದು ತೊಪ್ಪೆಯಾಗಿ ತೋಟಕ್ಕೆ ಬಂದರೆ ಹೋಂಸ್ಟೇ ಅಂಕಲ್ ಮುಖದಲ್ಲಿ ಹಬ್ಬ. ಹೂಮಳೆ! ಮಳೆ ಅಳೆಯುವ ಪಾತ್ರೆ ಹಿಡಿದುಕೊಂಡು "ಒಂದು ಇಂಚು ಬಿತ್ತು" ಅಂತ ಎಲ್ಲರಿಗೂ ಫೋನ್ ಮಾಡುತ್ತಿದ್ದರು. ಈ ಮಳೆ ಸರಿಯಾಗಿ ಬಿದ್ದರೆ ಎಂಟು ಒಂಬತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಕಕ್ಕಬ್ಬೆಯಲ್ಲೇ ಪಾಡಿ ಇಗ್ಗುತ್ತಪ್ಪನ ಗುಡಿ ಇದೆ, ಕೊಡವರ ಮಳೆ ಬೆಳೆಯ ದೇವರು. ಮಳೆಯನ್ನು ಬೈಯುವ ಜಾಗ ಅದಲ್ಲ ಅಂತ ನಾವೂ ಸುಮ್ಮನಾದೆವು.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಇಂಥ ಮಳೆ ಯಾವ ಮಧ್ಯಾಹ್ನ ಬೇಕಾದರೂ ಬರಬಹುದು. ಆದ್ದರಿಂದ ಜೀನ್ಸ್ ಬೇಡವೇ ಬೇಡ. ನನ್ನ ನೈಲಾನ್ ಪ್ಯಾಂಟ್ ಒಲೆಯ ಮನೆಯಲ್ಲಿ ಊಟದ ಹೊತ್ತಿಗೆ ಒಣಗಿತು. ಅಳಿಯನ ಜೀನ್ಸ್ ಮರುದಿನ ಹೊರಡುವಾಗಲೂ ಹಸಿ. ಕವರಿನಲ್ಲಿ ಸುತ್ತಿ ತಂದಿದ್ದಕ್ಕೆ ಬ್ಯಾಗೇ ಮುಗ್ಗಲು ಹಿಡಿಯಿತು. ಮಳೆ ಬಿದ್ದ ಮೇಲೆ ಜಿಗಣೆಯೂ ಏಳುತ್ತದೆ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ. ಹಕ್ಕಿಯ ಪುಕ್ಕ ತುಂಬಿದ ಡೌನ್ ಜಾಕೆಟ್ ಇದ್ದವರು ಮನೆಯಲ್ಲೇ ಬಿಟ್ಟು ಬನ್ನಿ. ಒದ್ದೆಯಾದರೆ ಅದು ಹಿಂಡಿದ ಹತ್ತಿದಿಂಬಿನ ಹಾಗೆ.

ಸಂಜೆ ಅಂಗಳದಲ್ಲಿ ಬೆಂಕಿ ಹಾಕಿದರು. ಬೆಲ್ಲದ ಕಾಪಿ ಕೈಗೆ ಬಂತು, ಆಮೇಲೆ ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ, ಜೊತೆಗೆ ಹಂದಿಮಾಂಸದ ಪಂದಿ ಕರಿ. ಖುಷಿಯಲ್ಲಿ ನಾನು ನೆಚ್ಚಿನ ಫ್ಲೀಸ್ ಹಾಕಿಕೊಂಡೇ ಕೂತೆ. ಒಂದು ಕಿಡಿ ಹಾರಿ ಬಂದು ಎದೆಯ ಹತ್ತಿರ ಕಡಲೆ ಗಾತ್ರದ ತೂತು. ಫ್ಲೀಸ್ ಅಂದರೆ ಪ್ಲಾಸ್ಟಿಕ್ಕೇ, ಕಿಡಿಗೆ ಕರಗುತ್ತದೆ. ಬೆಂಕಿಯ ಮುಂದೆ ಉಣ್ಣೆ ಶಾಲೋ ಕಂಬಳಿಯೋ ಸರಿ, ಆಂಟಿಯ ಹತ್ತಿರ ಕೇಳಿದರೆ ಕೊಡುತ್ತಾರೆ. ಶಾಲು, ಟೋಪಿ ಮರೆತು ಬಂದವರು ಕುಶಾಲನಗರದ ಮೇಲೆ ಬರುವುದಾದರೆ ಬೈಲುಕುಪ್ಪೆಯ ಟಿಬೆಟಿಯನ್ನರ ಅಂಗಡಿಗಳಲ್ಲಿ ನೋಡಬಹುದು.

ಹೊರಡುವ ಹಿಂದಿನ ದಿನ ಹೋಂಸ್ಟೇಗೆ ಒಂದು ಫೋನ್ ಮಾಡಿ. ಚಳಿ ಇದೆಯಾ ಅಂತ ಮಾತ್ರ ಕೇಳಬೇಡಿ, ಆಷಾಢದ ಮಳೆ ಕಂಡವರಿಗೆ ಇದು ಚಳಿಯೇ ಅಲ್ಲ. ಹೂಮಳೆ ಬಿತ್ತಾ, ಬೆಳಗ್ಗೆ ಇಬ್ಬನಿ ಎಷ್ಟಿದೆ, ಟೆಂಟ್ ಹಾಕಲು ಮರದ ಕೆಳಗೆ ಜಾಗ ಇದೆಯಾ ಅಂತ ಕೇಳಿ.